ಎರಡು ಕ್ಯಾಮೆರಾ, ಒಬ್ಬಳೇ ಮದುಮಗಳು, ಎರಡು ಬಣ್ಣದ ಮುಖ

ಪ್ರಶ್ನೆ (ತುಮಕೂರು)

ಹಿಂದಿನ ವಾರ ಬಿ.ಎಚ್. ರಸ್ತೆಯ ಛತ್ರವೊಂದರಲ್ಲಿ ಮದುವೆ ತೆಗೆದೆವು. ನನ್ನ ಕೈಯಲ್ಲಿ ಒಂದು ಕಂಪನಿಯ ಕ್ಯಾಮೆರಾ, ತಮ್ಮನ ಕೈಯಲ್ಲಿ ಇನ್ನೊಂದರದು. ಆಲ್ಬಂ ಜೋಡಿಸುವಾಗ ನೋಡಿದರೆ ಧಾರೆಯ ಚಿತ್ರಗಳನ್ನು ಅಕ್ಕಪಕ್ಕ ಇಡುವಂತೆಯೇ ಇಲ್ಲ. ನನ್ನದರಲ್ಲಿ ಮದುಮಗಳ ಕೆನ್ನೆ ಹಳದಿ, ಅವನದರಲ್ಲಿ ಗುಲಾಬಿ. ಹುಡುಗಿಯ ತಾಯಿ ಮೊಬೈಲಿನಲ್ಲಿ ನೋಡಿ, "ನಮ್ಮ ಹುಡುಗಿಗೆ ಕಾಮಾಲೆಯೇನಪ್ಪಾ?" ಎಂದುಬಿಟ್ಟರು. ಎರಡರಲ್ಲೂ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) 5500 ಕೆಲ್ವಿನ್‌ಗೇ ಇಟ್ಟಿದ್ದೆ. ಒಂದೊಂದನ್ನೇ ತಿದ್ದುತ್ತಾ ಕುಳಿತರೆ ಮುಂದಿನ ಲಗ್ನ ಬಂದುಬಿಡುತ್ತದೆ. ಬಣ್ಣದ ಪ್ರೊಫೈಲ್, ಅಂದರೆ ಕ್ಯಾಮೆರಾ ತೋರಿಸುವ ಬಣ್ಣಗಳನ್ನು ಒಟ್ಟಿಗೇ ತಿದ್ದುವ ಫೈಲ್, ಮಾಡಿಕೊಂಡವರು ಯಾರಾದರೂ ಇದ್ದೀರಾ?

ಉತ್ತರ (ಚಿಕ್ಕಬಳ್ಳಾಪುರ)

ವೈಟ್ ಬ್ಯಾಲೆನ್ಸ್ ಬಿಳಿಯನ್ನು ಬಿಳಿಯಾಗಿಸುತ್ತದೆ, ಅಷ್ಟೇ. ಕೆಂಪು, ಕಿತ್ತಳೆ, ಹಳದಿಗಳನ್ನು ಒಂದೊಂದು ಕ್ಯಾಮೆರಾ ಒಂದೊಂದು ರೀತಿ ತೋರಿಸುತ್ತದೆ. ನಮ್ಮ ಚರ್ಮ ಇರುವುದೇ ಆ ಬಣ್ಣಗಳ ನಡುವೆ. 24 ಚೌಕದ ಕಲರ್ ಚಾರ್ಟ್ ಒಂದನ್ನು ಕೊಳ್ಳಿ. ಶಾಸ್ತ್ರಕ್ಕೆ ಮೊದಲು ತಮ್ಮನನ್ನು ಹಸೆಮಣೆಯ ಮೇಲೆ ಕೂರಿಸಿ, ಮುಖದ ಎತ್ತರಕ್ಕೆ ಚಾರ್ಟ್ ಹಿಡಿಸಿ, ಎರಡೂ ಕ್ಯಾಮೆರಾದಲ್ಲಿ ರಾ ಫೈಲ್ (ಕ್ಯಾಮೆರಾ ತನ್ನ ಬಣ್ಣ ಬೆರೆಸದ ಕಚ್ಚಾ ಚಿತ್ರ) ತೆಗೆಯಿರಿ. ಬೆಳಕು ಹೆಚ್ಚಾಗಿ ಬಿಳಿ ಚೌಕ ಸುಟ್ಟುಹೋಗಬಾರದು, ಚಾರ್ಟಿನ ಮೇಲೆ ಹೊಳಪು ಬೀಳಬಾರದು. ಅದನ್ನು ಡಿಎನ್‌ಜಿಗೆ (ರಾ ಚಿತ್ರಗಳ ಒಂದು ಸಾಮಾನ್ಯ ರೂಪ) ಬದಲಿಸಿ ಪ್ರೊಫೈಲ್ ಮಾಡುವ ತಂತ್ರಾಂಶಕ್ಕೆ ಕೊಟ್ಟರೆ, ಸಿದ್ಧವಾದ ಪ್ರೊಫೈಲ್ ಚಿತ್ರ ತಿದ್ದುವ ತಂತ್ರಾಂಶವಾದ ಲೈಟ್‌ರೂಮಿನ ಪಟ್ಟಿಯಲ್ಲಿ ಕಾಣಿಸುತ್ತದೆ.

ಕ್ಯಾಮೆರಾಕ್ಕೊಂದು ಪ್ರೊಫೈಲ್, ಬೆಳಕಿಗೊಂದು. ನಂದಿಬೆಟ್ಟದ ಬೆಳಗಿನ ಬಿಸಿಲಿನಲ್ಲಿ ಮಾಡಿದ್ದನ್ನು ಛತ್ರದ ಎಲ್‌ಇಡಿ ಚಿತ್ರಗಳಿಗೆ ಹಾಕಿ ನಾನೇ ಒಮ್ಮೆ ಕೆಟ್ಟಿದ್ದೇನೆ. ಬೀಗರೆಲ್ಲರ ತುಟಿಯೂ ಇಟ್ಟಿಗೆ ಬಣ್ಣ.

ಉತ್ತರ (ಕೋಲಾರ)

ಸರ್ ಹೇಳಿದ್ದು ಸರಿ. ಆದರೆ ಕೆಂಪು ಶಾಮಿಯಾನದ ಕೆಳಗೆ ಪ್ರೊಫೈಲನ್ನು ನಂಬಿಕೊಳ್ಳಬೇಡಿ. ಅದು ಇಡೀ ಚಿತ್ರಕ್ಕೆ ಹತ್ತುವಂಥದ್ದು; ಬಟ್ಟೆಯ ಕೆಂಪು ಬೀಳುವುದು ಹಣೆ, ಮೂಗಿನ ಮೇಲೆ ಮಾತ್ರ. ಅಲ್ಲಿ ಫ್ಲ್ಯಾಶ್ ಒಂದೇ ದಾರಿ. ಇನ್ನೊಂದು ಮಾತು: ಅರಿಶಿನ ಶಾಸ್ತ್ರದ ಮರುದಿನವೂ ಕಿವಿಯ ಹಿಂದೆ, ಕೂದಲಂಚಿನಲ್ಲಿ ಹಳದಿ ಉಳಿದಿರುತ್ತದೆ. ಅದು ಕ್ಯಾಮೆರಾದ ತಪ್ಪಲ್ಲ, ತಿದ್ದಲು ಹೋಗಬೇಡಿ.

ಪ್ರಶ್ನೆ ಕೇಳಿದವರು

ಈಗ ಕಾರ್ಡ್ ತೆಗೆದು ನೋಡಿದೆ. ನನ್ನ ತಮ್ಮ ಆ ಮದುವೆಯನ್ನು ಪೂರ್ತಿ ಜೆಪಿಇಜಿಯಲ್ಲಿ ತೆಗೆದಿದ್ದಾನೆ! ಕಾರ್ಡ್ ತುಂಬಿಹೋಗುತ್ತದೆಂದು ಹಾಗೆ ಮಾಡಿದನಂತೆ. ಅದಕ್ಕೂ ಪ್ರೊಫೈಲ್ ಹಾಕಬಹುದೇ?

ಉತ್ತರ (ಚಿಕ್ಕಬಳ್ಳಾಪುರ)

ಇಲ್ಲ. ಜೆಪಿಇಜಿ ಎಂದರೆ ಬೆಂದ ಅನ್ನ. ಕ್ಯಾಮೆರಾ ತನ್ನ ಬಣ್ಣವನ್ನು ಆಗಲೇ ಬೆರೆಸಿಬಿಟ್ಟಿದೆ. ನಿಮ್ಮದು ರಾ ಆದ್ದರಿಂದ ನಿಮ್ಮ ಚಿತ್ರಗಳನ್ನೇ ಅವನ ಗುಲಾಬಿಯ ಹತ್ತಿರಕ್ಕೆ ತನ್ನಿ. ತಾಯಿಗೂ ಅದೇ ಹಿಡಿಸೀತು. ಮುಂದಿನ ಮದುವೆಗೆ ತಮ್ಮನಿಗೆ ದೊಡ್ಡ ಕಾರ್ಡ್ ಕೊಡಿಸಿ.