ಹೋಮ್‌ವರ್ಕ್ ಲೆಕ್ಕಗಳಿಗೆ ಆನ್‌ಲೈನ್ ನೆರವು: ಹೇಗೆ ಕೇಳಬೇಕು, ಎಷ್ಟು ಹೇಳಬೇಕು?

ಕೇಳಿದವರು: ವಿಜ್ಞಾನ ವಿದ್ಯಾರ್ಥಿನಿ

ಕಳೆದ ಒಂದು ವರ್ಷದಿಂದ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಹೋಮ್‌ವರ್ಕ್‌ನಲ್ಲಿ ತೊಡಕಾದಾಗಲೆಲ್ಲ ಪ್ರಶ್ನೆಯ ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಕೇಳುತ್ತ ಬಂದಿದ್ದೇನೆ. ಹೆಚ್ಚಿನ ಸಲ ಯಾರಾದರೂ ಪೂರ್ತಿ ಉತ್ತರ ಬರೆದು ಕಳುಹಿಸುತ್ತಾರೆ. ಓದುವಾಗ ಎಲ್ಲವೂ ಅರ್ಥವಾದಂತೆ ಅನ್ನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಅದೇ ಬಗೆಯ ಲೆಕ್ಕ ಬಂದರೆ ಮೊದಲ ಸಾಲೇ ಹೊಳೆಯುವುದಿಲ್ಲ. ಇತ್ತೀಚೆಗೆ ನನಗಿಂತ ಕೆಳಗಿನ ತರಗತಿಯವರು ನನ್ನನ್ನು ಕೇಳಲು ಶುರು ಮಾಡಿದ್ದಾರೆ. ಅವರಿಗೆ ನಾನೂ ಪೂರ್ತಿ ಉತ್ತರವನ್ನೇ ಕೊಟ್ಟುಬಿಡುತ್ತಿದ್ದೇನೆ. ಹೇಗೆ ಕೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ಅನುಭವವಿರುವವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಭೌತಶಾಸ್ತ್ರದ ನಿವೃತ್ತ ಅಧ್ಯಾಪಕ

ನಾನು ಆರೇಳು ವರ್ಷಗಳಿಂದ ಸಂಜೆಯ ಹೊತ್ತು ಆನ್‌ಲೈನ್‌ನಲ್ಲಿ ಮಕ್ಕಳ ಲೆಕ್ಕಗಳನ್ನು ನೋಡುತ್ತಿದ್ದೇನೆ. ನೀವು ಫೋಟೊ ತೆಗೆಯುತ್ತಿರುವುದು ಪಠ್ಯಪುಸ್ತಕದ ಪುಟವನ್ನು. ತೆಗೆಯಬೇಕಾದದ್ದು ನಿಮ್ಮ ನೋಟುಪುಸ್ತಕದ ಪುಟವನ್ನು, ಅದೂ ಹೊಡೆದುಹಾಕಿದ ಸಾಲುಗಳ ಸಮೇತ. ಬರೀ ಪ್ರಶ್ನೆಯನ್ನು ನೋಡಿದರೆ ಆ ಲೆಕ್ಕವನ್ನು ನಾನು ಬಿಡಿಸಬಲ್ಲೆನೇ ಹೊರತು, ನೀವು ಎಡವಿದ್ದೆಲ್ಲಿ ಎಂದು ತಿಳಿಯಲಾರೆ.

ಇದನ್ನು ನನಗೆ ಮನಗಾಣಿಸಿದವನು ಒಬ್ಬ ಹುಡುಗ. ಘರ್ಷಣೆಯಿಲ್ಲದ 30 ಡಿಗ್ರಿ ಇಳಿಜಾರಿನಲ್ಲಿ ಜಾರುವ ವಸ್ತುವಿನ ವೇಗೋತ್ಕರ್ಷ ಎಷ್ಟು ಎಂಬ ಲೆಕ್ಕದಲ್ಲಿ ತನಗೆ ಋಣ ಉತ್ತರ ಬರುತ್ತಿದೆ ಎಂದು ಅವನು ಮೂರು ಸಲ ಕೇಳಿದ. ಮೂರು ಸಲವೂ ನಾನು ಬಲಗಳ ಚಿತ್ರ, ಅಕ್ಷಗಳ ಆಯ್ಕೆ, ದಿಕ್ಕುಗಳ ಚಿಹ್ನೆ ಎಂದು ಉದ್ದುದ್ದ ಬರೆದೆ. ನಾಲ್ಕನೆಯ ಸಲ ಅವನು ನಡುವಿನ ಅಂಕಿಗಳನ್ನೂ ಕಳುಹಿಸಿದಾಗ, ಸೈನ್ 30ರ ಬೆಲೆ 0.5 ಇರಬೇಕಾದ ಜಾಗದಲ್ಲಿ ಮೈನಸ್ 0.988 ಇತ್ತು. ಅವನ ಕ್ಯಾಲ್ಕುಲೇಟರ್ ರೇಡಿಯನ್ ಮೋಡ್‌ನಲ್ಲಿತ್ತು, ಅಂದರೆ 30ನ್ನು ಡಿಗ್ರಿ ಎಂದು ತಿಳಿಯದೆ ಕೋನದ ಇನ್ನೊಂದು ಏಕಮಾನವಾದ ರೇಡಿಯನ್ ಎಂದು ತಿಳಿದಿತ್ತು. ಸೂತ್ರವೂ ಚಿತ್ರವೂ ಮೊದಲಿನಿಂದಲೇ ಸರಿಯಾಗಿದ್ದವು. ನಾನು ಬರೆದ ಅಷ್ಟೂ ಪುಟಗಳು ಅವನಿಗೆ ಬೇಕಿರಲೇ ಇಲ್ಲ.

ಅಂದಿನಿಂದ ಉತ್ತರ ಬರೆಯುವ ಮೊದಲು ಕೇಳಿದವರ ಲೆಕ್ಕವನ್ನು ಏಕಮಾನಗಳ ಸಮೇತ ಸಾಲುಸಾಲಾಗಿ ತರಿಸಿಕೊಳ್ಳುತ್ತೇನೆ, ಮೊದಲು ತಪ್ಪಿದ ಸಾಲು ಯಾವುದೆಂದು ಹುಡುಕುತ್ತೇನೆ, ಆ ಸಾಲಿನ ಬಗ್ಗೆ ಮಾತ್ರ ಮಾತನಾಡುತ್ತೇನೆ. ಅದರ ಕೆಳಗೆ ಇನ್ನೂ ನಾಲ್ಕು ತಪ್ಪುಗಳಿದ್ದರೂ ಅವುಗಳ ಗೊಡವೆಗೆ ಹೋಗುವುದಿಲ್ಲ, ಏಕೆಂದರೆ ಮೊದಲನೆಯದು ಸರಿಯಾದರೆ ಉಳಿದವುಗಳಲ್ಲಿ ಕೆಲವು ತಾವಾಗಿಯೇ ಹೋಗುತ್ತವೆ. ಬಲಗಳ ಚಿತ್ರವಿಲ್ಲದೆ ಬಂದ ಪ್ರಶ್ನೆಗೆ ಮೊದಲು ಚಿತ್ರ ಬರೆದು ಕಳುಹಿಸಿ ಎನ್ನುತ್ತೇನೆ. ಎಷ್ಟೋ ಸಲ ಚಿತ್ರ ಬರುವುದೇ ಇಲ್ಲ. "ಬೇಡ ಸರ್, ಆಯಿತು" ಎಂಬ ಸಂದೇಶ ಬರುತ್ತದೆ.

ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ

ಕೊಡುವ ಕಡೆಯಿಂದ ನನ್ನದೊಂದು ಅನುಭವ ಹೇಳುತ್ತೇನೆ. 28 ಗ್ರಾಂ ಸಾರಜನಕ ಮತ್ತು 3 ಗ್ರಾಂ ಜಲಜನಕವನ್ನು ತೆಗೆದುಕೊಂಡು, ರಾಸಾಯನಿಕ ಕ್ರಿಯೆ ಸಾಧ್ಯವಿದ್ದಷ್ಟೂ ನಡೆದರೆ ಎಷ್ಟು ಅಮೋನಿಯಾ ಸಿಗುತ್ತದೆ ಎಂಬುದು ಒಬ್ಬಳ ಪ್ರಶ್ನೆ. ಎರಡನ್ನೂ ಕೂಡಿಸಿ 31 ಗ್ರಾಂ ಎಂದು ಅವಳು ಬರೆದಿದ್ದಳು. ದ್ರವ್ಯರಾಶಿ ನಾಶವಾಗುವುದಿಲ್ಲವಲ್ಲ ಎಂಬ ಕಾರಣವನ್ನೂ ಕೊಟ್ಟಿದ್ದಳು. ತಪ್ಪು ಎಂದು ಹೇಳಿ ಸರಿಯುತ್ತರ ಬರೆಯಲು ಎರಡು ನಿಮಿಷ ಸಾಕಿತ್ತು. ಹಾಗೆ ಮಾಡದೆ, ಒಂದು ಸಾರಜನಕ ಅಣುವಿಗೆ ಎಷ್ಟು ಜಲಜನಕ ಅಣುಗಳು ಬೇಕು ಎಂದಷ್ಟೇ ಕೇಳಿದೆ. ಮೂರು ಎಂದಳು. ಗ್ರಾಂಗಳನ್ನು ಅಣುಗಳ ಎಣಿಕೆಯ ಏಕಮಾನವಾದ ಮೋಲ್‌ಗೆ ತಿರುಗಿಸಿ ನೋಡು ಎಂದೆ. ಸಾರಜನಕ 1 ಮೋಲ್ ಇದೆ, ಅದಕ್ಕೆ 3 ಮೋಲ್ ಜಲಜನಕ ಬೇಕು, ಇರುವುದು 1.5 ಮೋಲ್ ಮಾತ್ರ ಎಂಬುದನ್ನು ಅವಳೇ ಕಂಡುಕೊಂಡಳು. ಆಮೇಲೆ ನನ್ನ ಮಾತಿಗೆ ಕಾಯಲಿಲ್ಲ. ಅಮೋನಿಯಾ 17 ಗ್ರಾಂ, ಕ್ರಿಯೆಗೆ ಒಳಗಾಗದೆ ಉಳಿದ ಸಾರಜನಕ 14 ಗ್ರಾಂ, ಎರಡೂ ಸೇರಿ 31 ಗ್ರಾಂ ಎಂದು ಬರೆದು ಕಳುಹಿಸಿದಳು. ಅವಳ ಮೊದಲ ಉತ್ತರದ ಹಿಂದಿದ್ದ ವಿಚಾರ ಸರಿಯಾಗಿಯೇ ಇತ್ತು. ಅದನ್ನು ನಾನು ಹೊಡೆದುಹಾಕಿದ್ದರೆ ಅವಳು ಸರಿಯಾದ ತಿಳಿವಳಿಕೆಯನ್ನೇ ಅನುಮಾನಿಸಲು ಕಲಿಯುತ್ತಿದ್ದಳು.

ಅನಿಲ ನಿಯಮಗಳ ಲೆಕ್ಕಗಳಲ್ಲಿ ಮಾತ್ರ ನಾನು ಇಷ್ಟು ತಾಳ್ಮೆ ತೋರಿಸುವುದಿಲ್ಲ. ಉಷ್ಣತೆ ಕೆಲ್ವಿನ್‌ನಲ್ಲಿದೆಯೇ, ಅನಿಲ ಸ್ಥಿರಾಂಕಕ್ಕೆ 8.314 ಬಳಸಿದ್ದೀರೋ 0.0821 ಬಳಸಿದ್ದೀರೋ, ಒತ್ತಡ ಮತ್ತು ಗಾತ್ರದ ಏಕಮಾನಗಳು ಅದಕ್ಕೆ ಹೊಂದುತ್ತವೆಯೇ ಎಂದು ನೇರವಾಗಿ ಕೇಳಿಬಿಡುತ್ತೇನೆ.

ಗಣಿತ ಹೇಳಿಕೊಡುವವರು

ಮೇಲಿನ ಇಬ್ಬರ ಮಾತಿಗೆ ನನ್ನದೊಂದು ತಕರಾರಿದೆ. ಸುಳಿವಿನ ಮೇಲೆ ಸುಳಿವು ಕೊಡುತ್ತ ಹೋಗುವುದು ಅಲ್ಪಸ್ವಲ್ಪ ದಾರಿ ಕಂಡವರಿಗೆ ಸರಿ. ಆ ಬಗೆಯ ಲೆಕ್ಕವನ್ನು ಒಮ್ಮೆಯೂ ನೋಡಿರದವರಿಗೆ ಅದು ಕತ್ತಲೆಯಲ್ಲಿ ನಿಲ್ಲಿಸಿ ಒಗಟು ಕೇಳಿದಂತಾಗುತ್ತದೆ. ಅಂಥವರಿಗೆ ನಾನು ಪೂರ್ತಿ ಬಿಡಿಸಿ ತೋರಿಸುತ್ತೇನೆ, ಆದರೆ ಅವರು ಕೇಳಿದ ಲೆಕ್ಕವನ್ನು ಮುಟ್ಟದೆ, ಅದರ ಜೋಡಿಯಂಥ ಇನ್ನೊಂದನ್ನು. ಪ್ರತಿಯೊಂದು ಹೆಜ್ಜೆಯ ಪಕ್ಕದಲ್ಲಿ ಅದು ಏಕೆ ಎಂಬ ಕಾರಣ ಬರೆಯುತ್ತೇನೆ. ಅವರ ಲೆಕ್ಕ ಅವರಿಗೇ ಉಳಿಯುತ್ತದೆ.

ಕೇಳುವವರು ಹಿಂಪುಟದ ಉತ್ತರವನ್ನೂ ತಿಳಿಸಿದರೆ ಬಹಳ ಉಪಕಾರವಾಗುತ್ತದೆ. ಸೈನ್ ಎಕ್ಸ್ ಮತ್ತು ಕಾಸ್ ಎಕ್ಸ್‌ಗಳ ಗುಣಲಬ್ಧದ ಅನುಕಲನವನ್ನು ಒಬ್ಬರು ಎರಡು ರಾತ್ರಿ ಮತ್ತೆ ಮತ್ತೆ ಮಾಡಿದ್ದರು. ಅವರಿಗೆ ಬಂದದ್ದು ಸೈನ್ ವರ್ಗದ ಅರ್ಧ. ಪುಸ್ತಕದಲ್ಲಿದ್ದದ್ದು ಕಾಸ್ ವರ್ಗದ ಅರ್ಧ, ಅದೂ ಋಣ ಚಿಹ್ನೆಯೊಂದಿಗೆ. ಎರಡೂ ಸರಿ: ಸೈನ್ ವರ್ಗ ಮತ್ತು ಕಾಸ್ ವರ್ಗ ಕೂಡಿದರೆ 1 ಆಗುವುದರಿಂದ ಆ ಎರಡು ಉತ್ತರಗಳ ನಡುವಿನ ವ್ಯತ್ಯಾಸ ಬರೀ ಅರ್ಧ, ಮತ್ತು ಆ ಅರ್ಧವು ಕೊನೆಯಲ್ಲಿ ಬರುವ ಸ್ಥಿರಾಂಕದೊಳಗೆ ಅಡಗಿಕೊಳ್ಳುತ್ತದೆ. ತಪ್ಪೇ ಇಲ್ಲದ ಲೆಕ್ಕದಲ್ಲಿ ತಪ್ಪು ಹುಡುಕಲು ಎರಡು ರಾತ್ರಿ ಹೋದವು.

ಟೈಪ್ ಮಾಡುವಾಗ ಆವರಣ ಚಿಹ್ನೆಗಳಲ್ಲಿ ಜಿಪುಣತನ ಬೇಡ. 1/2ಎಕ್ಸ್ ಎಂದು ಬರೆದರೆ ಅದು ಎಕ್ಸ್‌ನ ಅರ್ಧವೋ, ಛೇದದಲ್ಲಿ 2ಎಕ್ಸ್ ಇದೆಯೋ ಎಂದು ಓದುವವರು ಊಹಿಸಬೇಕಾಗುತ್ತದೆ.

ಇಂಜಿನಿಯರಿಂಗ್ ಓದುತ್ತಿರುವವನು

ಚಾಟ್‌ಬಾಟ್‌ಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಒಂದು ಮಾತು. ಎಕ್ಸ್‌ಗೆ 2 ಕೂಡಿಸಿ ವರ್ಗಮೂಲ ತೆಗೆದರೆ ಮತ್ತೆ ಎಕ್ಸ್ ಬರಬೇಕು ಎಂಬ ಸಮೀಕರಣಕ್ಕೆ, ಎರಡೂ ಬದಿಯನ್ನು ವರ್ಗ ಮಾಡಿ, 2 ಮತ್ತು ಮೈನಸ್ 1 ಎಂಬ ಎರಡು ಉತ್ತರಗಳನ್ನು ಒಂದು ಚಾಟ್‌ಬಾಟ್ ನನಗೆ ಬಹಳ ವಿಶ್ವಾಸದಿಂದ ಕೊಟ್ಟಿತ್ತು. ಮೈನಸ್ 1 ಅನ್ನು ಮೂಲ ಸಮೀಕರಣಕ್ಕೆ ಹಾಕಿದರೆ ಒಂದು ಬದಿ 1, ಇನ್ನೊಂದು ಬದಿ ಮೈನಸ್ 1. ಮನುಷ್ಯರು ಕೊಟ್ಟ ಉತ್ತರವನ್ನೂ ನಾನು ಈಗ ಹೀಗೆಯೇ ಹಾಕಿ ನೋಡುತ್ತೇನೆ.

ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂದೇ ಸಿಕ್ಕಿಕೊಂಡಿರುವ ಲೆಕ್ಕವೊಂದನ್ನು ನೀವು ಹೇಳಿದ ಕ್ರಮದಲ್ಲಿ ಬರೆಯುತ್ತಿದ್ದೇನೆ. 30 ಡಿಗ್ರಿ ಇಳಿಜಾರಿನಲ್ಲಿ ಮರದ ತುಂಡೊಂದನ್ನು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಮೇಲಕ್ಕೆ ತಳ್ಳಲಾಗಿದೆ. ಘರ್ಷಣಾ ಗುಣಾಂಕ 0.2, ಅದು ನಿಲ್ಲುವ ಮೊದಲು ಎಷ್ಟು ದೂರ ಏರುತ್ತದೆ? ಗುರುತ್ವದಿಂದ ಇಳಿಜಾರಿನ ಗುಂಟ 9.8ರ ಅರ್ಧ, ಅಂದರೆ 4.9. ಘರ್ಷಣೆಯಿಂದ 0.2, 9.8 ಮತ್ತು 0.866ರ ಗುಣಲಬ್ಧ, ಅಂದರೆ ಸುಮಾರು 1.70. ಘರ್ಷಣೆ ಯಾವಾಗಲೂ ಜಾರುವಿಕೆಯನ್ನು ತಡೆಯುತ್ತದೆ ಎಂದು 4.9ರಿಂದ 1.70 ಕಳೆದು 3.20 ಪಡೆದೆ. ವೇಗದ ವರ್ಗವಾದ 36ನ್ನು 3.20ರ ಎರಡರಷ್ಟಾದ 6.40ರಿಂದ ಭಾಗಿಸಿದರೆ ಸುಮಾರು 5.6 ಮೀಟರ್. ಹಿಂಪುಟದ ಉತ್ತರ 2.73 ಮೀಟರ್. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿಯೇ ಇದೆ.

ಭೌತಶಾಸ್ತ್ರದ ನಿವೃತ್ತ ಅಧ್ಯಾಪಕ

ಪ್ರಶ್ನೆ ಎಂದರೆ ಹೀಗಿರಬೇಕು. ತಪ್ಪಿದ ಸಾಲು ನನಗೆ ಕೂಡಲೇ ಕಂಡಿತು. ಅದನ್ನು ಹೇಳುವ ಮೊದಲು ಒಂದು ಕೆಲಸ ಮಾಡಿ: ಘರ್ಷಣೆಯೇ ಇಲ್ಲದಿದ್ದರೆ ಆ ತುಂಡು ಎಷ್ಟು ದೂರ ಏರುತ್ತಿತ್ತು ಎಂದು ಲೆಕ್ಕ ಹಾಕಿ, ನಿಮ್ಮ 5.6ರ ಪಕ್ಕದಲ್ಲಿ ಬರೆದು ನೋಡಿ.

ಕೇಳಿದವರು

36ನ್ನು 9.8ರಿಂದ ಭಾಗಿಸಿದರೆ 3.67 ಮೀಟರ್. ಹಾಗಾದರೆ ನನ್ನ ಲೆಕ್ಕದಲ್ಲಿ ಘರ್ಷಣೆ ಇದ್ದಾಗಲೇ ತುಂಡು ಹೆಚ್ಚು ದೂರ ಹೋಗಿದೆ. ತಡೆಯಿರಿ ಸರ್, ಅದು ಮೇಲಕ್ಕೆ ಹೋಗುತ್ತಿದೆ, ಘರ್ಷಣೆ ಕೆಳಮುಖವಾಗಿರಬೇಕು. ಮತ್ತೆ ಮಾಡಿ ಕಳುಹಿಸುತ್ತೇನೆ.