ನಾಟಕ ಊರನ್ನು ಬದಲಿಸುವುದು ಆಡಿದ ಮೇಲೋ, ಆಡುವ ಮೊದಲೋ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಕಳೆದ ವರ್ಷ ನಮ್ಮ ಮಕ್ಕಳಿಂದ ಬಾಲ್ಯವಿವಾಹದ ವಿರುದ್ಧ ಒಂದು ನಾಟಕ ಆಡಿಸಿದೆವು. ಊರಿಗೆ ಊರೇ ಬಂದು ನೋಡಿತು, ಹೆಂಗಸರು ಕಣ್ಣೀರು ಒರೆಸಿಕೊಂಡರು. ಆದರೆ ಅದರಲ್ಲಿ ತಾಯಿಯ ಪಾತ್ರ ವಹಿಸಿದ್ದ ಹುಡುಗಿಗೇ ಈ ಬೇಸಿಗೆಯಲ್ಲಿ ಗಂಡು ಗೊತ್ತುಮಾಡಿದರು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಮದುವೆ ನಿಲ್ಲಿಸಿದ್ದಾಯಿತು. ನಿಲ್ಲಿಸಿದ್ದು ಕಾನೂನೇ ಹೊರತು ನಾಟಕವಲ್ಲ. ಸಾಗರ ತಾಲ್ಲೂಕಿನ ಹಳ್ಳಿ ಹೆಗ್ಗೋಡನ್ನು ಕಲೆ ರೂಪಿಸಿತು ಎಂದು ಓದುತ್ತೇವೆ. ಅಲ್ಲಿ ಆದದ್ದು ನಮ್ಮಲ್ಲಿ ಏಕೆ ಆಗಲಿಲ್ಲ?

ಉತ್ತರ: ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು

ಮೇಡಂ, ನೀವು ಆ ಹುಡುಗಿಯ ಕೈಬಿಡಲಿಲ್ಲವಲ್ಲ, ಅದು ದೊಡ್ಡದು. ಹೆಗ್ಗೋಡಿನ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, ಹುಟ್ಟಿದ್ದು 1949ರಲ್ಲಿ. ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾದದ್ದು 1980ರಲ್ಲಿ, ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ಆ ಮೊದಲ ಮೂವತ್ತು ವರ್ಷ ಊರಿನವರು ತಮಗಾಗಿ ತಾವೇ ನಾಟಕ ಆಡುತ್ತಿದ್ದರೆಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ.

ನಮ್ಮ ಊರಲ್ಲೂ ಒಂದು ಸಣ್ಣ ತಂಡವಿತ್ತು. ದೊಡ್ಡಪ್ಪ ಅಡಿಕೆ ಸುಲಿದು ಕಪ್ಪಾದ ಬೆರಳುಗಳಲ್ಲಿ ಮಾತಿನ ಹಾಳೆ ಹಿಡಿದು ತಾಲೀಮಿಗೆ ನಿಲ್ಲುತ್ತಿದ್ದರು. ಎದುರಿಗೆ ರಾಜನಾಗಿ ಕುಳಿತಿರುತ್ತಿದ್ದವರು ಹಗಲು ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರು. ದೊಡ್ಡಪ್ಪ ಮಾತು ತಪ್ಪಿದರೆ ಅವರೇ ತಿದ್ದುತ್ತಿದ್ದರು. ನಾಟಕ ಮುಗಿದು ಎಷ್ಟೋ ವರ್ಷವಾದ ಮೇಲೂ ದೊಡ್ಡಪ್ಪ ಅವರನ್ನು ಮತ್ತೆ ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಲಿಲ್ಲ. ಇದರಿಂದ ಜಾತಿ ಅಳಿಯಿತೆಂದು ಹೇಳಲಾರೆ. ಆದರೆ ಆ ಒಂದು ಬದಲಾವಣೆಯನ್ನು ತಂದದ್ದು ನಾಟಕದ ಕಥೆಯಲ್ಲ, ತಿಂಗಳುಗಟ್ಟಲೆ ನಡೆದ ತಾಲೀಮು.

ಉತ್ತರ: ಹವ್ಯಾಸಿ ರಂಗತಂಡದ ಸದಸ್ಯೆ, ಬಾಗಲಕೋಟೆ

ಈ ಮಾತನ್ನು ಒಪ್ಪುತ್ತೇನೆ. ನೀನಾಸಂ 1985ರಲ್ಲಿ ಆರಂಭಿಸಿದ, ಊರೂರು ಸುತ್ತಿ ನಾಟಕ ಆಡುವ ತಂಡ 'ತಿರುಗಾಟ' ನಮ್ಮ ಕಡೆ ಬಂದಾಗಲೆಲ್ಲ ಟಿಕೆಟ್ ಮಾರುವುದು, ಕಲಾವಿದರಿಗೆ ಊಟ ವಸತಿ ನೋಡಿಕೊಳ್ಳುವುದು ಊರಿನವರ ಪಾಲಿಗೆ ಬರುತ್ತದೆ. ಒಮ್ಮೆ ರೊಟ್ಟಿ ಬಡಿಯಲು ಆರು ಓಣಿಗಳ ಹೆಂಗಸರು ಒಂದೇ ಅಡುಗೆಮನೆಯಲ್ಲಿ ಸೇರಿದ್ದೆವು. ಮೊದಲು ಒಬ್ಬರ ಮನೆಗೊಬ್ಬರು ಕಾಲಿಟ್ಟವರಲ್ಲ.

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ಬೆಂಗಳೂರು

ತಾಲೀಮಿನ ಮಹತ್ವ ಹೇಳುವ ಭರದಲ್ಲಿ ನಾಟಕದ ವಸ್ತುವನ್ನು ಹಗುರ ಮಾಡಬಾರದೆಂದು ನನ್ನ ವಿನಂತಿ. 1975ರಲ್ಲಿ ಹುಟ್ಟಿದ ರಂಗಸಂಘಟನೆ 'ಸಮುದಾಯ'ದ ಬೀದಿನಾಟಕಗಳನ್ನು ನಾನು ತರುಣನಾಗಿದ್ದಾಗ ನೋಡಿದ್ದೇನೆ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯನ್ನು ಅವರು ನಮ್ಮ ಬೀದಿಗೇ ತಂದು ನಿಲ್ಲಿಸಿದಾಗ ಅದು ದೂರದ ಸುದ್ದಿಯಾಗಿ ಉಳಿಯಲಿಲ್ಲ. ಅಂದು ಪ್ರೇಕ್ಷಕನಾಗಿದ್ದ ನಾನು ಮರುವಾರ ಸಂಘದ ಸಭೆಗೆ ಹೋದೆ. ನೋಡುವವನನ್ನೂ ನಾಟಕ ಎಬ್ಬಿಸಬಲ್ಲದು. ಆದರೆ ಎದ್ದವನು ಹೋಗಿ ಸೇರಿಕೊಳ್ಳಲು ಹತ್ತಿರದಲ್ಲೇ ಒಂದು ಸಂಘಟನೆ ಇರಬೇಕು. ನಿಮ್ಮೂರಿನಲ್ಲಿ ಕಣ್ಣೀರು ಒರೆಸಿಕೊಂಡ ಆ ತಾಯಂದಿರು ಮರುದಿನ ಹೋಗಬಹುದಾಗಿದ್ದ ಜಾಗ ಯಾವುದಿತ್ತು?

ಪ್ರಶ್ನೆ ಕೇಳಿದವರು

ಯಾವುದೂ ಇರಲಿಲ್ಲ, ಸರ್. ತಾಲೀಮನ್ನು ಶಾಲೆಯ ಬಾಗಿಲು ಮುಚ್ಚಿಯೇ ನಡೆಸಿದ್ದೆವು. ನಾಟಕದ ದಿನದವರೆಗೆ ಯಾರೂ ನೋಡಬಾರದೆಂದು ನಾನೇ ಹೇಳಿದ್ದೆ. ಈ ಸಲ ಸ್ವಸಹಾಯ ಸಂಘದ ಹೆಂಗಸರು ಸೇರುವ ಸಮುದಾಯ ಭವನದಲ್ಲೇ ಸಂಜೆ ತಾಲೀಮು ಇಟ್ಟುಕೊಳ್ಳುತ್ತೇನೆ. ಆ ಹುಡುಗಿ ಮತ್ತೆ ಶಾಲೆಗೆ ಬರುತ್ತಿದ್ದಾಳೆ. ತಾಯಿಯ ಪಾತ್ರವನ್ನು ಮಾಡುವಿರಾ ಎಂದು ಅವಳ ತಾಯಿಯನ್ನೇ ಕೇಳಬೇಕೆಂದಿದ್ದೇನೆ.