ಗುಜರಿಯಲ್ಲಿ ಸಿಕ್ಕ ಚಾಪ್ಲಿನ್ ರೀಲು, ಓಡಿಸಬಹುದಾ?

ತಟ್ಟೆಇಡ್ಲಿ (ಕ್ಯಾತ್ಸಂದ್ರ, ತುಮಕೂರು):
ಭಾನುವಾರ ಮಂಡಿಪೇಟೆ ಹತ್ತಿರ ಗುಜರಿ ಅಂಗಡಿಯಲ್ಲಿ ಸ್ಟೌವ್ ಬರ್ನರ್ ಹುಡುಕುತ್ತಿದ್ದೆ. ಬರ್ನರ್ ಸಿಗಲಿಲ್ಲ. ಒಂದು ತಗಡಿನ ಡಬ್ಬಿ, ಒಳಗೆ ಫಿಲ್ಮ್ ಸುರುಳಿ ಸಿಕ್ಕಿತು. ಮುಚ್ಚಳದ ಮೇಲೆ ‘ಚಾಪ್ಲಿನ್ 2’ ಅಂತ ಮಸಿಯಲ್ಲಿ ಬರೆದಿದೆ. 150 ಹೇಳಿದ, 80ಕ್ಕೆ ಕೊಟ್ಟ.

ಕಿಟಕಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಗೋಡೆಯಿಂದ ಇಳಿಯುವ ಮಡಚು ಮಂಚದ ಜೊತೆ ಒಬ್ಬ ಕುಸ್ತಿಗೆ ಬಿದ್ದಿದ್ದಾನೆ. ಒಂದು ಫ್ರೇಮಿನಲ್ಲಿ ಇವನು ಮೇಲೆ, ಮುಂದೆ ನೋಡಿದರೆ ಮಂಚವೇ ಮೇಲೆ. ಓಡಿಸದೇ ನಗು ಬಂತು!

ಇದು ಯಾವ ಚಿತ್ರ? ಮಾವನ ಮನೆ ಅಟ್ಟದಲ್ಲಿ ಸೂಪರ್ 8 ಪ್ರೊಜೆಕ್ಟರ್ (8 ಎಂಎಂ ಅಗಲದ ಫಿಲ್ಮ್ ಓಡಿಸೋದು) ಇದೆ, ಹಾಕಲಾ? ಡಬ್ಬಿ ತೆಗೆದರೆ ಸ್ವಲ್ಪ ಹುಳಿ ವಾಸನೆ. ಬೆಲೆ ಬಾಳುತ್ತಾ ಅಂತ ಮನೆಯವಳ ಪ್ರಶ್ನೆ.

ರೀಲ್‌ಹುಚ್ಚ (ಕೋಲಾರ):
ಮಂಚ ಅಂದ ಕೂಡಲೇ ಗೊತ್ತಾಯಿತು. 1916ರ ‘ಒನ್ ಎ.ಎಂ.’ ಇರಬೇಕು. ಕುಡಿದು ಮನೆಗೆ ಬಂದ ಸಾಹುಕಾರ ಮಲಗೋಕೆ ಪಡುವ ಪಾಡು, ಅಷ್ಟೇ ಕಥೆ. ಶುರುವಿನಲ್ಲಿ ಬರುವ ಟ್ಯಾಕ್ಸಿಯವನನ್ನು ಬಿಟ್ಟರೆ ಚಾಪ್ಲಿನ್ ಒಬ್ಬನದೇ ಆಟ. ಮ್ಯೂಚುವಲ್ ಕಂಪನಿಗೆ 1916–17ರಲ್ಲಿ ಮಾಡಿದ 12 ಚಿತ್ರಗಳಲ್ಲಿ ನನಗೆ ಇದೇ ಜಾಸ್ತಿ ಇಷ್ಟ. ಮೆಟ್ಟಿಲು, ಗಡಿಯಾರದ ಲೋಲಕ, ಮಂಚ ಎಲ್ಲವೂ ಸೇರಿ ಅವನ ಮೇಲೆ ಹಗೆ ಸಾಧಿಸುತ್ತವೆ.

ಬೇಜಾರು ಮಾಡ್ಕೋಬೇಡಿ, ಇದು ಎರಡು ರೀಲಿನ ಚಿತ್ರ. ಮಂಚ ಬರುವುದು ಕೊನೆಗೆ. ನಿಮ್ಮ ಹತ್ತಿರ ಇರುವುದು ಎರಡನೇ ಅರ್ಧ. ಮನೆಯಲ್ಲಿ ನೋಡೋರಿಗೆ ಅಂತ ಇಂಥ ಪ್ರತಿಗಳನ್ನು ಬೇಕಾದಷ್ಟು ಮಾಡಿ ಮಾರಿದ್ದಾರೆ, ದೊಡ್ಡ ಬೆಲೆ ಬರಲ್ಲ. ಮನೆಯವರಿಗೆ ನೀವೇ ಹೇಗಾದರೂ ಹೇಳಿ.

ಹಳೇಲೆನ್ಸ್ (ಚಿಂತಾಮಣಿ):
ತಡೀರಿ, ಪ್ರೊಜೆಕ್ಟರ್‌ಗೆ ಹಾಕಬೇಡಿ! ಸೂಪರ್ 8 ಬಂದದ್ದು 1965ರಲ್ಲಿ. ಅದಕ್ಕೂ ಹಿಂದಿನ 8 ಎಂಎಂ ಬೇರೆಯದು. ಅಂಚಿನ ತೂತು ನೋಡಿ. ದೊಡ್ಡದಾಗಿದ್ದು, ಎರಡು ಫ್ರೇಮಿನ ನಡುವೆ ಇದ್ದರೆ ಹಳೇ 8. ಚಿಕ್ಕದಾಗಿ ಫ್ರೇಮಿನ ಪಕ್ಕದಲ್ಲೇ ಇದ್ದರೆ ಸೂಪರ್. ತಪ್ಪು ಮೆಷಿನ್ನಿಗೆ ಹಾಕಿದರೆ ತೂತುಗಳು ಹರಿದುಹೋಗುತ್ತವೆ.

ಹುಳಿ ವಾಸನೆ ಅಂದರೆ ಅಸಿಟೇಟ್ ಅನ್ನೋ ಪ್ಲಾಸ್ಟಿಕ್ಕಿನ ಫಿಲ್ಮ್ ಕೆಡುತ್ತಿದೆ, ವಿನಿಗರ್ ತರಹ ಇರುತ್ತದೆ. ಗಾಳಿಯಾಡುವ ತಂಪು ಜಾಗದಲ್ಲಿಡಿ, ಬೇರೆ ರೀಲುಗಳ ಜೊತೆ ಬೇಡ. ಸುರುಟಿದ್ದರೆ ಎಳೆಯಬೇಡಿ.

ತಟ್ಟೆಇಡ್ಲಿ:
ನೋಡಿದೆ. ತೂತು ದೊಡ್ಡದು, ಫ್ರೇಮುಗಳ ನಡುವೆ. ಮಾವನ ಮೆಷಿನ್ ಮತ್ತೆ ಅಟ್ಟ ಸೇರಿತು.

‘1’ ಇರಬಹುದು ಅಂತ ಇವತ್ತು ಮತ್ತೆ ಮಂಡಿಪೇಟೆಗೆ ಹೋಗಿದ್ದೆ. ಅಂಗಡಿಯವನು ಮೇಜಿನ ಕೆಳಗಿಂದ ಅಂಥದ್ದೇ ಡಬ್ಬಿ ತೆಗೆದ. ಮುಚ್ಚಳದ ಮೇಲೆ ‘ಚಾಪ್ಲಿನ್ 1’, ಅದೇ ಕೈಬರಹ. ತೆರೆದರೆ ಒಳಗೆ ತುಂಬಾ ಮೊಳೆ.